ಕಿವಿಗೊಂದು ಏಕಾದಶಿ

ಕಳೆದ ಮಳೆಗಾಲ, ಪುಷ್ಯ ಮಳೆ ಹೊಡೆಯುತ್ತಿದ್ದ ವಾರ, ಶೃಂಗೇರಿಯಿಂದ ಕಿಗ್ಗದ ಕಡೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಗೆ ಐದು ದಿನ ಕರೆಂಟ್ ಇರಲಿಲ್ಲ. ಎಲ್ಲೋ ಗುಡ್ಡದ ಮೇಲೆ ಮರ ಬಿದ್ದು ಲೈನು ಹರಿದಿತ್ತು. ಮಲೆನಾಡಿನಲ್ಲಿ ಇದೊಂದು ಸುದ್ದಿಯೇ ಅಲ್ಲ. ಒಣಗಿದ ಸೌದೆ, ಚಿಮಣಿ ದೀಪ, ಹಪ್ಪಳ, ಮಣ್ಣಲ್ಲಿ ಹುಗಿದಿಟ್ಟ ಹಲಸಿನ ಬೀಜ, ಎಲ್ಲ ಮೊದಲೇ ಸಜ್ಜಾಗಿರುತ್ತವೆ. ಒಂದಕ್ಕೆ ಮಾತ್ರ ನಾನು ಸಜ್ಜಾಗಿರಲಿಲ್ಲ. ಮೊದಲ ದಿನ ಸಂಜೆ ಫೋನ್ ಸತ್ತಿತು. ಮರುದಿನ ಬೆಳಗ್ಗೆ ಇಯರ್‌ಬಡ್ ಡಬ್ಬಿಯ ಪುಟ್ಟ ದೀಪ ಕೆಂಪಗಾಗಿ ಆರಿತು.

ಆ ಹೊತ್ತಿಗೆ ನನ್ನ ಕಿವಿಯಲ್ಲಿ ದಿನಕ್ಕೆ ಆರೇಳು ಗಂಟೆ ಹಾಡು ಇರುತ್ತಿತ್ತು. ತೋಟಕ್ಕೆ ಹೋಗುವಾಗ, ಬಸ್ಸಿನಲ್ಲಿ, ಲೆಕ್ಕ ಬರೆಯುವಾಗ, ಊಟದ ಬಟ್ಟಲು ತೊಳೆಯುವಾಗ, ನಿದ್ದೆ ಹತ್ತುವ ತನಕ. ಆದರೆ ಕೇಳುತ್ತಿದ್ದೆನೇ ಎಂದು ಯಾರಾದರೂ ಕೇಳಿದ್ದರೆ ಉತ್ತರಿಸುವುದು ಕಷ್ಟವಾಗುತ್ತಿತ್ತು. ಪಲ್ಲವಿ ಮುಗಿಯುವುದರೊಳಗೆ ಬೆರಳು ಮುಂದಿನ ಹಾಡಿಗೆ ಹೋಗುತ್ತಿತ್ತು. ಒಂದು ಕಾಲಕ್ಕೆ ಕಣ್ಣಲ್ಲಿ ನೀರು ತರಿಸಿದ್ದ ಆಲಾಪನೆಗಳು ಈಗ ಗಡಿಯಾರದ ಟಿಕ್‌ಟಿಕ್‌ನ ಹಾಗೆ, ಇದ್ದೂ ಇಲ್ಲದಂತೆ ಹರಿದು ಹೋಗುತ್ತಿದ್ದವು. ಸಂಗೀತದ ಮೇಲಿನ ನನ್ನ ಪ್ರೀತಿಯೇ ಬತ್ತುತ್ತಿದೆಯೇನೋ, ವಯಸ್ಸಾಗುವುದೆಂದರೆ ಇದೇ ಏನೋ ಎಂದು ಒಳಗೊಳಗೇ ದುಃಖಪಟ್ಟಿದ್ದೆ.

ಕರೆಂಟಿಲ್ಲದ ಎರಡನೆಯ ದಿನ ಪೂರ್ತಿ ಕೈ ಜೇಬಿಗೆ ಹೋಗಿ ಹೋಗಿ ವಾಪಸು ಬಂತು. ತಲೆಯಲ್ಲಿ ಯಾವುದೋ ಅರ್ಧ ಹಾಡು ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಮೂರನೆಯ ದಿನ ಅದೂ ನಿಂತಿತು. ಆಗ ಮಳೆ ಕೇಳಿಸತೊಡಗಿತು. ಅಲ್ಲಿಯವರೆಗೆ ಅದು 'ಮಳೆಯ ಸದ್ದು' ಎಂಬ ಒಂದೇ ಸದ್ದಾಗಿತ್ತು. ಈಗ ಬಿಡಿಬಿಡಿಯಾಯಿತು. ಹೆಂಚಿನ ಮೇಲೆ ಬೀಳುವುದು ಬೇರೆ, ಕೊಟ್ಟಿಗೆಯ ತಗಡಿನ ಮೇಲೆ ಬೀಳುವುದು ಬೇರೆ. ಅಡಿಕೆ ಮರ ಸೀಳಿ ಕಟ್ಟಿದ ದೋಣಿಯಿಂದ ಹಂಡೆಗೆ ಧುಮುಕುವ ನೀರು ಹಂಡೆ ತುಂಬುತ್ತ ಬಂದಂತೆ ಸ್ವರ ಏರಿಸುತ್ತ ಹೋಗುತ್ತಿತ್ತು. ಬಾಳೆಲೆ ಮೇಲಿನ ಹನಿಗೆ ಮದ್ದಳೆಯ ಎಡಮುಚ್ಚಿಗೆಯ ತೂಕ. ನಾಲ್ಕನೆಯ ದಿನ ನಸುಕಿನಲ್ಲಿ, ಹಳ್ಳದ ಪಕ್ಕದ ಬಂಡೆಯಿಂದ, ಬೆಟ್ಟದ ಕಡೆಯ ಆ ಕರಿನೀಲಿ ಶಿಳ್ಳೆಹಕ್ಕಿ ಹಾಡಿತು. ಶಾಲೆಗೆ ಹೋಗುವ ಹುಡುಗ ದಾರಿಯಲ್ಲಿ ಗುರಿಯಿಲ್ಲದೆ ಶಿಳ್ಳೆ ಹಾಕಿದಂತಿರುತ್ತದೆ ಅದರ ರಾಗ, ಎಲ್ಲಿ ಏರುತ್ತದೋ ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಮಳೆಗಾಲದುದ್ದಕ್ಕೂ ಅದು ಅಲ್ಲೇ ಹಾಡುತ್ತಿದ್ದಿರಬೇಕು.

ಐದನೆಯ ದಿನ ರಾತ್ರಿ ಬಲ್ಬು ಹತ್ತಿಕೊಂಡಿತು. ಫೋನ್ ಚಾರ್ಜಿಗೆ ಹಾಕಿದೆ. ಆದರೆ ಹಾಡು ಹಾಕಿದ್ದು ಮರುದಿನ ಮಧ್ಯಾಹ್ನ, ಊಟವಾದ ಮೇಲೆ, ಜಗಲಿಯಲ್ಲಿ ಕೂತು. ವೀಣೆ ದೊರೆಸ್ವಾಮಿ ಅಯ್ಯಂಗಾರರ ಒಂದು ಹಳೆಯ ಧ್ವನಿಮುದ್ರಣ. ನೂರು ಸಲವಾದರೂ ಕೇಳಿರುವಂಥದ್ದು. ಮೊದಲ ಮೀಟು ಬಿದ್ದಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಬೆರಳು ತಂತಿಯ ಮೇಲೆ ಜಾರುವ ಸಣ್ಣ ಕಿರುಗುಟ್ಟು, ತಾಳದ ತಂತಿಗಳ ಹಿತವಾದ ಝಲ್, ಮೀಟಿದ ಸ್ವರ ಸವೆಯುತ್ತ ಸವೆಯುತ್ತ ಹೋಗಿ ಇನ್ನಿಲ್ಲವಾಗುವ ಅಂಚು, ಅದು ಆರುವ ಮುನ್ನ ಮುಂದಿನ ಮೀಟು ಬಂದು ಕೈಹಿಡಿಯುವ ಆ ಗಳಿಗೆ. ಇದೆಲ್ಲ ಆ ಧ್ವನಿಮುದ್ರಣದಲ್ಲಿ ಮೊದಲಿನಿಂದಲೂ ಇತ್ತು. ಬದಲಾಗಿದ್ದದ್ದು ಕಿವಿ.

ಇದು ನನ್ನೊಬ್ಬನ ಭ್ರಮೆಯಲ್ಲ. ಇದರ ಹಿಂದೆ ಸಾಕಷ್ಟು ತಿಳಿವಳಿಕೆ ಇದೆ.

ಕಾಫಿ ಹುರಿಯುವ ಅಂಗಡಿಯ ಮುಂದೆ ಹಾದುಹೋಗುವವನಿಗೆ ಘಮ ಬಡಿಯುತ್ತದೆ. ಒಳಗೆ ದಿನವಿಡೀ ಕೂತವನಿಗೆ ಏನೂ ಇಲ್ಲ. ನಮ್ಮ ಇಂದ್ರಿಯಗಳ ಸ್ವಭಾವವೇ ಅದು: ಒಂದೇ ಸಮನೆ ಬರುತ್ತಿರುವುದನ್ನು ಮಿದುಳು 'ಇದು ಗೊತ್ತಿರುವುದೇ' ಎಂದು ಪಕ್ಕಕ್ಕಿಡುತ್ತದೆ, ಹೊಸದು ಬಂದರೆ ತಿಳಿಯಲಿ ಎಂದು ಜಾಗ ಖಾಲಿ ಮಾಡಿಟ್ಟುಕೊಳ್ಳುತ್ತದೆ. ಕಾಡಿನಲ್ಲಿ ಬದುಕುವ ಪ್ರಾಣಿಗೆ ಇದು ಜೀವ ಉಳಿಸುವ ಗುಣ. ಹಳ್ಳದ ಸದ್ದನ್ನು ಮರೆತರೆ ಮಾತ್ರ ಒಣ ಎಲೆಯ ಮೇಲಿನ ಹೆಜ್ಜೆ ಕೇಳಿಸುತ್ತದೆ. ಆದರೆ ಅದೇ ಗುಣ ಸಂಗೀತವನ್ನೂ ಹಳ್ಳದ ಸದ್ದಿನ ಸಾಲಿಗೆ ಸೇರಿಸಿಬಿಡುತ್ತದೆ.

2008ರಲ್ಲಿ ಲೀಫ್ ನೆಲ್ಸನ್ ಮತ್ತು ಟಾಮ್ ಮೇವಿಸ್ ಎಂಬ ಇಬ್ಬರು ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ನನಗೆ ಬಹಳ ಹಿಡಿಸಿತು. ಹಿತವಾದ ಅನುಭವದ ನಡುವೆ ಬಿಡುವು ಕೊಟ್ಟರೆ ಏನಾಗುತ್ತದೆ, ಕಿರಿಕಿರಿಯ ನಡುವೆ ಕೊಟ್ಟರೆ ಏನಾಗುತ್ತದೆ ಎಂದು ಅವರು ನೋಡಿದರು. ಮೈ ಒತ್ತಿಸಿಕೊಳ್ಳುವ ಸುಖ, ವ್ಯಾಕ್ಯೂಮ್ ಕ್ಲೀನರಿನ ಕರ್ಕಶ, ಹೀಗೆ ಬೇರೆ ಬೇರೆ ಅನುಭವಗಳು. ಸುಖದ ನಡುವೆ ತಡೆ ಬಂದಾಗ ಸುಖ ಹೆಚ್ಚಾಯಿತು. ಕಿರಿಕಿರಿಯ ನಡುವೆ ತಡೆ ಬಂದಾಗ ಕಿರಿಕಿರಿಯೂ ಹೆಚ್ಚಾಯಿತು. ಬಿಡುವು ಎರಡನ್ನೂ ಮತ್ತೆ ಹೊಸದು ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೊದಲೇ ಕೇಳಿದರೆ ಜನ ಇದಕ್ಕೆ ತದ್ವಿರುದ್ಧವಾಗಿ ಆರಿಸಿಕೊಳ್ಳುತ್ತಾರೆ. ಹಿತವಾದದ್ದು ನಡುವೆ ನಿಲ್ಲುವುದು ಬೇಡ, ಕಿರಿಕಿರಿಗಾದರೆ ಸ್ವಲ್ಪ ಬಿಡುವಿರಲಿ ಎನ್ನುತ್ತಾರೆ. ಅಂದರೆ ಯಾವುದು ನಮ್ಮ ಸುಖವನ್ನು ಹೆಚ್ಚಿಸುತ್ತದೋ ಅದನ್ನು ನಾವಾಗಿ ನಾವು ಆರಿಸಿಕೊಳ್ಳುವುದಿಲ್ಲ. ಕರೆಂಟು ಹೋದರೇ ಆಗಬೇಕು, ಅಥವಾ ಯಾರಾದರೂ ಒಂದು ಕಟ್ಟುಪಾಡು ಹಾಕಿಕೊಡಬೇಕು.

ಇಟಲಿಯ ಪಾವಿಯಾದಲ್ಲಿ ಲುಚಿಯಾನೊ ಬೆರ್ನಾರ್ಡಿ ಎಂಬ ವೈದ್ಯರ ತಂಡ ಸಂಗೀತ ಕೇಳುವವರ ಉಸಿರು, ನಾಡಿ, ರಕ್ತದೊತ್ತಡ ಅಳೆಯಿತು. ಕೇಳಿಸಿದ ಸಂಗೀತದಲ್ಲಿ ನಮ್ಮ ರಾಗಸಂಗೀತವೂ ಇತ್ತು. ನಡುವೆ ಎಲ್ಲೋ ಒಂದೆಡೆ ಎರಡು ನಿಮಿಷದ ಮೌನ ಸೇರಿಸಿದ್ದರು. 2006ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಮೈ ಅತ್ಯಂತ ವಿಶ್ರಾಂತವಾದದ್ದು ಯಾವ ಸಂಗೀತಕ್ಕೂ ಅಲ್ಲ, ನಡುವಿನ ಆ ಮೌನಕ್ಕೆ. ಸುಮ್ಮನೆ ಕೂತು ಪ್ರಯೋಗ ಶುರುವಾಗಲಿ ಎಂದು ಕಾಯುತ್ತಿದ್ದಾಗಿನ ಮೌನಕ್ಕಿಂತಲೂ, ಸಂಗೀತ ನಿಂತ ಮೇಲಿನ ಮೌನ ಆಳವಾಗಿತ್ತು. ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಲರಿ ಸಲೀಂಪುರ್ ಮತ್ತು ರಾಬರ್ಟ್ ಝಟೋರೆ 2011ರಲ್ಲಿ ತೋರಿಸಿದ್ದು ಇನ್ನೊಂದು ಮಗ್ಗುಲು. ಮೆಚ್ಚಿನ ಹಾಡು ಮೈ ಜುಮ್ಮೆನಿಸುವ ಘಟ್ಟಕ್ಕೆ ಬಂದಾಗ ಮಿದುಳಿನಲ್ಲಿ ಡೋಪಮಿನ್ ಒಸರುವುದು ನಿಜ. ಆದರೆ ಆ ಘಟ್ಟ ಬರುವುದಕ್ಕೆ ಮೊದಲೇ, ಅದು ಬರಲಿದೆ ಎಂದು ಕಾಯುವಾಗಲೇ, ಮಿದುಳಿನ ಬೇರೊಂದು ಭಾಗದಲ್ಲಿ ಅದು ಒಸರತೊಡಗಿರುತ್ತದೆ. ಕಾಯುವುದು ರಸದ ಒಂದು ಪಾಲು. ಪಲ್ಲವಿಗೇ ಬೆರಳು ಒತ್ತಿ ಮುಂದಕ್ಕೆ ಓಡುವವನು ಆ ಪಾಲನ್ನು ತಾನೇ ಬಿಟ್ಟುಕೊಡುತ್ತಿರುತ್ತಾನೆ.

ಇದನ್ನು ಓದುತ್ತ ಕೂತಾಗ ನನಗೆ ಅನಿಸಿದ್ದು: ಇದೆಲ್ಲ ಶೃಂಗೇರಿಗೆ ಹೊಸದೇನಲ್ಲ.

ಇಲ್ಲಿ ಹುಟ್ಟಿ ಬೆಳೆದವರಿಗೆ 'ಅನಧ್ಯಯನ' ಎಂಬ ಮಾತು ಗೊತ್ತು. ವೇದಪಾಠಕ್ಕೆ ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಂದು ರಜೆ. ಅಕಾಲದಲ್ಲಿ ಗುಡುಗಿದರೂ ಪಾಠ ನಿಲ್ಲುತ್ತದೆ. ಇದು ಈಗಿನ ಭಾನುವಾರದಂಥ ರಜೆಯಲ್ಲ; ಆ ದಿನ ಓದಬಾರದು ಎಂಬ ಕಟ್ಟಪ್ಪಣೆ. ಸಾವಿರಾರು ಮಂತ್ರಗಳನ್ನು ಸ್ವರದ ಒಂದು ಏರಿಳಿತವೂ ತಪ್ಪದಂತೆ ಬಾಯಿಪಾಠ ಮಾಡಿಸುವ, ಜಗತ್ತಿನಲ್ಲೇ ಅತಿ ಕಟ್ಟುನಿಟ್ಟಿನ ಕೇಳುವ ಪರಂಪರೆಯೊಂದು, ತನ್ನ ವಿದ್ಯಾರ್ಥಿಯ ಕಿವಿ–ಬಾಯಿಗಳಿಗೆ ಪ್ರತಿ ಪಕ್ಷದಲ್ಲೂ ಕಡ್ಡಾಯ ಬಿಡುವು ಇಟ್ಟಿತು. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಕೃಶಳಾದ ಸೀತೆಗೆ ಒಂದು ಹೋಲಿಕೆ ಬರುತ್ತದೆ: ಪಾಡ್ಯದ ದಿನವೂ ಬಿಡದೆ ಓದುವವನ ವಿದ್ಯೆಯ ಹಾಗೆ ಸೊರಗಿದ್ದಳು ಎಂದು. ಬಿಡುವಿಲ್ಲದೆ ಓದಿದರೆ ವಿದ್ಯೆ ಬೆಳೆಯುವುದಿಲ್ಲ, ಬಡಕಲಾಗುತ್ತದೆ ಎನ್ನುವುದು ಆ ಕಾಲಕ್ಕೇ ಎಲ್ಲರಿಗೂ ಗೊತ್ತಿದ್ದ ಮಾತಾಗಿರಬೇಕು. ಇಲ್ಲದಿದ್ದರೆ ಕವಿ ಅದನ್ನು ಉಪಮೆಯಾಗಿ ತರುತ್ತಿರಲಿಲ್ಲ. ಧರ್ಮಶಾಸ್ತ್ರ ಈ ಬಿಡುವಿಗೆ ಬೇರೆ ಕಾರಣಗಳನ್ನು ಕೊಡುತ್ತದೆ, ನಿಜ. ನನಗೆ ಮುಖ್ಯವೆನಿಸುವುದು ಆ ಲಯ.

ಸಂಗೀತವೂ ತನ್ನೊಳಗೆ ಈ ಬಿಡುವನ್ನು ಕಟ್ಟಿಕೊಂಡೇ ಬಂದಿದೆ. ಪಾಠಕ್ಕೆ ಕೂತ ಮಗುವಿಗೆ ಆದಿತಾಳ ಹಾಕಲು ಕಲಿಸುವಾಗ ಮೇಷ್ಟ್ರು ಹೇಳಿಕೊಡುತ್ತಾರೆ: ಒಂದು ಪೆಟ್ಟು, ಒಂದು ಹುಸಿ. ಹುಸಿ ಎಂದರೆ ಅಂಗೈ ಮೇಲೆ ಮಾಡಿ ಗಾಳಿಯಲ್ಲಿ ಬಿಡುವುದು, ಸದ್ದು ಬರುವುದಿಲ್ಲ. ಆದರೆ ಅದನ್ನು ಬಿಟ್ಟರೆ ತಾಳವೇ ಇಲ್ಲ. ಹಿಂದೂಸ್ತಾನಿಯವರು ಅಂಥ ಜಾಗಕ್ಕೆ 'ಖಾಲಿ' ಎಂದೇ ಹೆಸರಿಟ್ಟಿದ್ದಾರೆ. ವೀಣೆಯ ಮಾತಂತೂ ಆಗಲೇ ಬಂತು. ಕೊಳಲಿನಂತೆ, ಪಿಟೀಲಿನಂತೆ ಸ್ವರವನ್ನು ಹಿಡಿದು ನಿಲ್ಲಿಸಲು ಅದಕ್ಕೆ ಬರುವುದಿಲ್ಲ. ಮೀಟಿದ ಗಳಿಗೆಯಿಂದಲೇ ಸ್ವರ ಆರತೊಡಗುತ್ತದೆ. ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳ ಮೇಲೆ ವೈಣಿಕ ಮಾಡುವುದೆಲ್ಲ, ಆರುತ್ತಿರುವ ದೀಪವನ್ನು ಅಂಗೈ ಅಡ್ಡ ಹಿಡಿದು ಕಾಯುವಂಥ ಕೆಲಸ. ನವರಾತ್ರಿಯಲ್ಲಿ ಶಾರದಾಂಬೆಗೆ ದಿನಕ್ಕೊಂದು ಅಲಂಕಾರ, ಅದರಲ್ಲಿ ಒಂದು ದಿನ ವೀಣಾಶಾರದೆ. ವರ್ಷಕ್ಕೆ ಒಂದೇ ದಿನ ಅಮ್ಮನ ಕೈಗೆ ವೀಣೆ ಬರುತ್ತದೆ. ಅದನ್ನು ನೋಡಲೆಂದೇ ಆ ದಿನ ಬರುವವರಿದ್ದಾರೆ.

ಮಲೆನಾಡಿನ ಕಾಲಮಾನವೇ ಹಾಗಿತ್ತು. ಇಂಥ ಹಾಡಿಗೆ ಇಂಥ ಹೊತ್ತು.

ಯಕ್ಷಗಾನದ ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಡುತ್ತವೆ. ಮಂದಾರ್ತಿ ಮೇಳದವರ ಹರಕೆ ಆಟ ಘಟ್ಟ ಹತ್ತಿ ನಮ್ಮ ಕಡೆಯ ಮನೆಯಂಗಳಗಳಿಗೂ ಬರುತ್ತದೆ. ಮೇ ತಿಂಗಳ ಕೊನೆಗೆ ತುಳುನಾಡಿನಲ್ಲಿ ಪತ್ತನಾಜೆ ಬಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆ. ಆ ತಿಂಗಳುಗಳಲ್ಲಿ ಬಯಲಾಟದ ಚಂಡೆ ಇಲ್ಲ, ವೇಷ ಇಲ್ಲ. ಆಟದ ಹಸಿವು ತಡೆಯದವರು ಯಾರದ್ದೋ ಮನೆಯ ಜಗಲಿಯಲ್ಲಿ ಸೇರಿ ತಾಳಮದ್ದಳೆ ಕೂರುತ್ತಾರೆ, ಮಾತು ಮತ್ತು ಹಾಡು ಮಾತ್ರ. ಹೀಗೆ ಐದಾರು ತಿಂಗಳು ಕಿವಿ ಉಪವಾಸವಿದ್ದುದರಿಂದಲೇ, ಕಾರ್ತಿಕದ ಚಳಿಯಲ್ಲಿ ಎಲ್ಲೋ ಗದ್ದೆಬಯಲಿನಿಂದ ಮೊದಲ ಚಂಡೆಪೆಟ್ಟು ಗುಡ್ಡ ದಾಟಿ ಬಂದಾಗ ಹೊಟ್ಟೆಯೊಳಗೆ ಅದು ತಾಗುತ್ತಿತ್ತು. ಅಂದು ಅನ್ನ ಸೇರುತ್ತಿರಲಿಲ್ಲ. ಯಾವಾಗ ಹೊರಡುವುದು, ಟಾರ್ಚಿಗೆ ಸೆಲ್ ಇದೆಯಾ, ಅಷ್ಟೇ.

ಅಂಟಿಗೆ–ಪಂಟಿಗೆಯದು ಇನ್ನೂ ಸಣ್ಣ ಕಾಲ. ದೀಪಾವಳಿಯ ಮೂರು ರಾತ್ರಿ ಮಾತ್ರ. ಊರ ದೇವರ ಮುಂದೆ ಹೊತ್ತಿಸಿಕೊಂಡ ಜ್ಯೋತಿಯನ್ನು ಆರದಂತೆ ಹಿಡಿದು, ಗುಡ್ಡ, ತೋಟ, ಸಂಕ ದಾಟುತ್ತ ಮನೆಯಿಂದ ಮನೆಗೆ ಬರುತ್ತಾರೆ. ಬಾಗಿಲ ಮುಂದೆ ನಿಂತು ಇಬ್ಬರು ಎತ್ತಿಕೊಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ವಾದ್ಯವಿಲ್ಲ, ಗಂಟಲು ಮಾತ್ರ. ಮನೆಯವರು ಎದ್ದು ಬಾಗಿಲು ತೆರೆದು ಜ್ಯೋತಿಗೆ ಎಣ್ಣೆ ಎರೆಯುತ್ತಾರೆ. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರ ಸೀಮೆಯ ಹಳ್ಳಿಗಳಲ್ಲಿ ಇದು ಈಗಲೂ ನಡೆಯುತ್ತದೆ, ತಂಡಗಳು ಕಡಿಮೆಯಾಗಿವೆ. ಚಿಕ್ಕಂದಿನಲ್ಲಿ ನನಗೆ ಆ ಹಾಡುಗಳ ಪದ ಅರ್ಧವೂ ಅರ್ಥವಾಗುತ್ತಿರಲಿಲ್ಲ. ಆದರೂ ಆ ಧಾಟಿ ವರ್ಷವಿಡೀ ನೆನಪಿರುತ್ತಿತ್ತು, ಪೂರ್ತಿ ನೆನಪಾಗುತ್ತಲೂ ಇರಲಿಲ್ಲ. ಮುಂದಿನ ದೀಪಾವಳಿಗೆ ಕೇಳಿದಾಗ 'ಹೌದು, ಇದೇ' ಎನ್ನುವ ಸಂತೋಷ. ಈಗ ಅಂಟಿಗೆ–ಪಂಟಿಗೆ ಯೂಟ್ಯೂಬಿನಲ್ಲಿದೆ, ವೈಶಾಖದ ಮಧ್ಯಾಹ್ನವೂ ಕೇಳಬಹುದು. ಹಾಡುಗಳು ಉಳಿಯಲಿ ಎಂದು ದಾಖಲಿಸಿದವರ ಕೆಲಸ ದೊಡ್ಡದು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ನಾನು ಮಾತ್ರ ಅದನ್ನು ಹಬ್ಬಕ್ಕೆ ಮುಂಚೆ ಹಾಕುವುದಿಲ್ಲ.

ರೇಡಿಯೋ ಕೂಡ ಗಡಿಯಾರಕ್ಕೆ ಕಟ್ಟಿಕೊಂಡದ್ದೇ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 'ಆಕಾಶವಾಣಿ'ಯನ್ನು ಶುರುಮಾಡಿದ್ದು ಚರಿತ್ರೆ; ನಮ್ಮ ಪಾಲಿಗೆ ಆಕಾಶವಾಣಿ ಎಂದರೆ 1965ರಲ್ಲಿ ಆರಂಭವಾದ ಭದ್ರಾವತಿ ನಿಲಯ. ಗುಡ್ಡದ ಮರೆಯ ಮನೆಗಳಲ್ಲಿ ಅದು ಸರಿಯಾಗಿ ಸಿಗಬೇಕಾದರೆ ಟ್ರಾನ್ಸಿಸ್ಟರನ್ನು ಕಿಟಕಿಯ ಇಂಥದೇ ಮೂಲೆಗೆ, ಇಂಥದೇ ದಿಕ್ಕಿಗೆ ತಿರುಗಿಸಿಡಬೇಕಿತ್ತು. ಚಿತ್ರಗೀತೆಗೆ ಇಷ್ಟು ಹೊತ್ತು, ಶಾಸ್ತ್ರೀಯಕ್ಕೆ ಇಷ್ಟು. ಇಷ್ಟದ ಹಾಡು ಬಂದ ದಿನ ಅದು ಪ್ರಸಾದದ ಹಾಗೆ. ಮತ್ತೊಮ್ಮೆ ಹಾಕಿ ಎನ್ನುವಂತಿರಲಿಲ್ಲ, ಹಾಗಾಗಿ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದೆವು. ಆಮೇಲೆ ಬಂದ ಕ್ಯಾಸೆಟ್ಟಿಗೂ ಒಂದು ಮಗ್ಗುಲು ಎಂಬುದಿತ್ತು. ಅರ್ಧ ಗಂಟೆಗೆ ಟಕ್ ಎಂದು ನಿಲ್ಲುತ್ತಿತ್ತು. ಎದ್ದು ಹೋಗಿ ಮಗುಚಿ ಹಾಕಬೇಕಾದರೆ, ಇನ್ನೂ ಕೇಳಬೇಕೋ ಸಾಕೋ ಎಂಬ ಪ್ರಶ್ನೆಯನ್ನು ಅದು ಕೇಳಿದಂತಾಗುತ್ತಿತ್ತು. ಈಗಿನ ಪ್ಲೇಲಿಸ್ಟ್ ಆ ಪ್ರಶ್ನೆ ಕೇಳುವುದಿಲ್ಲ.

ಹೆಡ್‌ಫೋನನ್ನು ದೂಷಿಸುವುದು ನನ್ನ ಉದ್ದೇಶವಲ್ಲ. 1910ರಲ್ಲಿ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ಅಡುಗೆಮನೆಯಲ್ಲಿ ಕೂತು ಜೋಡಿಸಿ ನೌಕಾಪಡೆಗೆ ಕಳಿಸಿದ ಆ ಸಾಧನ ಕ್ಷೀಣ ಸದ್ದನ್ನು ಹಿಡಿಯಲೆಂದೇ ಹುಟ್ಟಿದ್ದು. ಈಗಲೂ ದೊರೆಸ್ವಾಮಿ ಅಯ್ಯಂಗಾರರ ಬೆರಳು ಜಾರುವ ಸದ್ದನ್ನು ನನಗೆ ತೋರಿಸಿಕೊಡುವುದು ಅದೇ. ಸೋನಿ ಕಂಪನಿಯ ವಾಕ್‌ಮನ್ 1979ರ ಜುಲೈ 1ರಂದು ಮಾರಾಟಕ್ಕೆ ಬಂದಾಗ ಅದರಲ್ಲಿ ಇಬ್ಬರು ಒಟ್ಟಿಗೆ ಕೇಳಲೆಂದು ಎರಡು ಹೆಡ್‌ಫೋನ್ ಸಿಕ್ಕಿಸುವ ಜಾಗವಿತ್ತು. ಜತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿ. ಅದನ್ನು ಒತ್ತಿದರೆ ಹಾಡಿನ ಸದ್ದು ತಗ್ಗಿ ಪಕ್ಕದವರ ಮಾತು ಕೇಳಿಸುತ್ತಿತ್ತು. ಒಬ್ಬರೇ ಕಿವಿ ಮುಚ್ಚಿಕೊಂಡು ಕೂರುವುದು ಪಕ್ಕದಲ್ಲಿದ್ದವರಿಗೆ ಅಗೌರವವೆನಿಸೀತು ಎಂಬ ಅಳುಕು ಅದನ್ನು ಮಾಡಿಸಿದ ಅಕಿಯೊ ಮೊರಿಟಾ ಅವರಿಗಿತ್ತು. ಜನ ಒಬ್ಬೊಬ್ಬರೇ ಕೇಳುವುದನ್ನೇ ಇಷ್ಟಪಟ್ಟರು. ಕ್ರಮೇಣ ಆ ಗುಂಡಿಯೂ ಹೋಯಿತು, ಎರಡನೆಯ ಜಾಗವೂ ಹೋಯಿತು.

ಹೆಡ್‌ಫೋನ್ ಕೊಡುವ ಸಂಗೀತ ಎಲ್ಲಿ ನಡೆಯುತ್ತದೆ ಎಂದು ಕಣ್ಣು ಮುಚ್ಚಿ ಗಮನಿಸಿ ನೋಡಿ. ತಲೆಯ ಒಳಗೆ, ಎರಡು ಕಿವಿಗಳ ನಡುವೆ. ದೇವಸ್ಥಾನದ ಗಂಟೆ ಹಾಗಲ್ಲ. ಎಡಗಡೆ ಹೊಡೆದ ಗಂಟೆಯ ಸದ್ದು ಬಲಗಿವಿಗೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ತಡವಾಗಿ ಬರುತ್ತದೆ, ಅಷ್ಟು ಸಾಕು ಮಿದುಳಿಗೆ ಅದು ಎಲ್ಲಿದೆ ಎಂದು ತಿಳಿಯಲು. ತಲೆ ತಿರುಗಿಸಿದರೆ ಲೆಕ್ಕ ಬದಲಾಗುತ್ತದೆ. ಕಲ್ಲಿನ ಗೋಡೆ, ಕಂಬ, ನಿಂತ ಜನರ ಮೈ, ಎಲ್ಲದಕ್ಕೂ ತಾಗಿ ಬಂದ ಸದ್ದು ಅದು. ಇಯರ್‌ಬಡ್‌ನಲ್ಲಿ ತಲೆ ಎತ್ತ ತಿರುಗಿದರೂ ಹಾಡು ಜತೆಗೇ ತಿರುಗುತ್ತದೆ. ವಾರಗಟ್ಟಲೆ ಹಾಗೇ ಕೇಳಿದ ನನ್ನ ಕಿವಿಗೆ ಜಾಗ ಎಂಬುದೇ ಮರೆತುಹೋದಂತಿತ್ತು. ಶೃಂಗೇರಿ ಜಗದ್ಗುರು ಭಾರತೀತೀರ್ಥರು ರಚಿಸಿದ 'ಗರುಡಗಮನ ತವ' ಸ್ತೋತ್ರವನ್ನು ಈ ಕೆಲವು ವರ್ಷಗಳಲ್ಲಿ ಫೋನಿನಲ್ಲಿ ಕೇಳದವರು ಕಡಿಮೆ. ಸ್ಟೇಟಸ್‌ನಲ್ಲಿ, ರಿಂಗ್‌ಟೋನಿನಲ್ಲಿ, ರೀಲ್ಸಿನಲ್ಲಿ ಕೇಳಿ ಕೇಳಿ ನನಗೆ ಅದು ಬರೀ ಸದ್ದಾಗಿಬಿಟ್ಟಿತ್ತು. ಆ ಮಳೆಗಾಲ ಕಳೆದ ಮೇಲೆ ಒಂದು ಸಂಜೆ, ನೆಂಟರ ಮನೆಯಲ್ಲಿ ಪೂಜೆ ಮುಗಿದ ಹೊತ್ತಿಗೆ ಎಂಟು ವರ್ಷದ ಹುಡುಗಿಯೊಬ್ಬಳು ಶ್ರುತಿ ಪೆಟ್ಟಿಗೆಯೂ ಇಲ್ಲದೆ ಅದನ್ನು ಹಾಡಿದಳು. ನಡುವೆ ಉಸಿರು ಸಾಲದೆ ಒಂದು ಕಡೆ ನಿಂತಳು. ಅಡುಗೆಮನೆಯಿಂದ ಅವಳ ಅಜ್ಜಿ ಅಲ್ಲಿಂದ ಎತ್ತಿಕೊಂಡರು. ಆ ಸ್ತೋತ್ರವನ್ನು ನಾನು ಕೇಳಿದ್ದು ಅವತ್ತು.

ಇನ್ನು ಕಿವಿಯ ಆರೋಗ್ಯದ ಮಾತು. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಒಳಗಿವಿಯ ಬಸವನಹುಳುವಿನಂಥ ಸುರುಳಿಯಲ್ಲಿ ಹದಿನೈದು ಸಾವಿರದಷ್ಟು ಕೂದಲು ಕೋಶಗಳಿರುತ್ತವೆ. ಹುಟ್ಟುವಾಗ ತಂದದ್ದಷ್ಟೇ; ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ 75 ಡೆಸಿಬಲ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹೇಳಿದೆ. ಇಲ್ಲೊಂದು ಲೆಕ್ಕ ನೆನಪಿಡಬೇಕು: ಸದ್ದು 3 ಡೆಸಿಬಲ್ ಏರಿದರೆ ಶಕ್ತಿ ಇಮ್ಮಡಿ, ಹಾಗಾಗಿ ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10. ಘಾಟಿ ಹತ್ತುವ ಬಸ್ಸಿನ ಎಂಜಿನ್ ಸದ್ದನ್ನು ಮೀರಿಸಲು ನಾವು ವಾಲ್ಯೂಮ್ ಎಷ್ಟು ಏರಿಸುತ್ತೇವೆ ಎಂದು ಒಮ್ಮೆ ನೋಡಿಕೊಂಡರೆ ಸಾಕು. 12ರಿಂದ 35 ವರ್ಷದೊಳಗಿನ ನೂರು ಕೋಟಿಗೂ ಹೆಚ್ಚು ಜನರ ಶ್ರವಣಶಕ್ತಿ ಇಂಥ ಕೇಳುವಿಕೆಯಿಂದ ಅಪಾಯದಲ್ಲಿದೆ ಎನ್ನುತ್ತದೆ ಅದೇ ಸಂಸ್ಥೆ.

ಜೋರು ಸದ್ದು ಕೇಳಿ ಬಂದಾಗ ಕಿವಿ ಮಂದವಾಗಿ, ಗುಂಯ್ ಎಂದು, ಒಂದೆರಡು ದಿನದಲ್ಲಿ ಸರಿಹೋಗುವುದು ಎಲ್ಲರಿಗೂ ಆಗಿರುತ್ತದೆ. ಸರಿಹೋಯಿತಲ್ಲ ಎಂದು ಸುಮ್ಮನಾಗುತ್ತೇವೆ. ಶ್ಯಾರನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್‌ಮನ್ 2009ರಲ್ಲಿ ಇಲಿಗಳಲ್ಲಿ ಕಂಡದ್ದು ಬೇರೆ: ಕೇಳುವ ಶಕ್ತಿ ಪೂರ್ತಿ ಮರಳಿದಂತೆ ಕಂಡರೂ ಕೂದಲು ಕೋಶ ಮತ್ತು ನರಗಳ ನಡುವಿನ ಬೆಸುಗೆಗಳು ಶಾಶ್ವತವಾಗಿ ಕಳಚಿಹೋಗಿದ್ದವು. ಹಾಗಾಗಿ ಬಿಡುವು ಎಂಬುದು ಹಾಳಾದ ಕಿವಿಗೆ ಔಷಧವಲ್ಲ. ಹಾಳಾಗುವ ಮೊದಲೇ ಕೊಡಬೇಕಾದದ್ದು. ನಮ್ಮ ಮಳೆಗಾಲಕ್ಕೆ ಇನ್ನೊಂದು ಮಾತು ಸೇರಿಸಬೇಕು. ಗೋಡೆಯೇ ಬೂಸ್ಟು ಹಿಡಿಯುವ ಈ ತೇವದಲ್ಲಿ ಕಿವಿಯ ದಾರಿಯನ್ನು ರಬ್ಬರಿನ ಬಿರಡೆ ಹಾಕಿ ಗಂಟೆಗಟ್ಟಲೆ ಮುಚ್ಚಿಟ್ಟರೆ ಅಲ್ಲೂ ಶಿಲೀಂಧ್ರ ಬೆಳೆಯಬಹುದು. ಕಿವಿ ತುರಿಕೆ, ಸೋರಿಕೆ ಎಂದು ಮಳೆಗಾಲದಲ್ಲಿ ವೈದ್ಯರ ಬಳಿ ಹೋಗುವವರು ಮೊದಲು ಆ ಬಿರಡೆಯನ್ನು ತೆಗೆದಿಡಬೇಕು.

ಈಗ ನಾನು ಮಾಡುವುದು ಸರಳ. ಏಕಾದಶಿಯ ದಿನ ಮನೆಯಲ್ಲಿ ಹೇಗೂ ಒಲೆ ಅರ್ಧ ಉರಿಯುತ್ತದೆ, ಅವತ್ತು ಕಿವಿಗೂ ಇಲ್ಲ. ತಿಂಗಳಿಗೆ ಎರಡು ದಿನ. ಅದಲ್ಲದೆ ತೋಟದ ದಾರಿಯಲ್ಲಿ ಬೇಡ, ಊಟದ ಹೊತ್ತಿಗೆ ಬೇಡ, ನಿದ್ದೆಗೆ ಮುಂಚಿನ ಒಂದು ಗಂಟೆ ಬೇಡ. ಒಂದು ಹಾಡು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಏರ್ಪಾಡನ್ನು ಫೋನಿನಲ್ಲಿ ತೆಗೆದುಹಾಕಿದ್ದೇನೆ. ಇದೊಂದರಿಂದ ಆದ ಬದಲಾವಣೆ ನಾನು ನೆನೆಸಿದ್ದಕ್ಕಿಂತ ದೊಡ್ಡದು. ಹಾಡು ಮುಗಿದು ಬರುವ ಆ ನಿಶ್ಶಬ್ದದಲ್ಲಿ ಕೇಳಿದ್ದು ಒಳಗೆ ಇಳಿಯುತ್ತದೆ. ಊಟವಾದ ಮೇಲೆ ಎಲೆ ಮುಂದೆ ಒಂದು ಗಳಿಗೆ ಸುಮ್ಮನೆ ಕೂರುತ್ತೇವಲ್ಲ, ಹಾಗೆ. ಮೊದಲ ಎರಡು ಏಕಾದಶಿ ಕಷ್ಟವಾಯಿತು. ನಾಲ್ಕನೆಯದರ ಹೊತ್ತಿಗೆ ದ್ವಾದಶಿಯ ಬೆಳಗಿಗೆ ಏನು ಕೇಳಬೇಕು ಎಂದು ಹಿಂದಿನ ರಾತ್ರಿಯೇ ಆರಿಸಿಟ್ಟುಕೊಳ್ಳುವ ಆಸೆ ಹುಟ್ಟಿತು. ಪಾರಣೆಯ ರುಚಿ ಉಪವಾಸ ಮಾಡಿದವರಿಗೇ ಗೊತ್ತು ಎಂದು ಅಮ್ಮ ಹೇಳುತ್ತಿದ್ದದ್ದು ಆಗ ನೆನಪಾಯಿತು.

ನಮ್ಮಲ್ಲಿ ಅಡಿಕೆ ಸುಲಿಯುವ ಕಾಲ ಬಂದರೆ ರಾತ್ರಿ ಹತ್ತು ಹನ್ನೊಂದರವರೆಗೂ ಚಪ್ಪರದಡಿ ಕೆಲಸ. ಸಾಲಾಗಿ ಮೆಟ್ಟುಗತ್ತಿ, ನಡುವೆ ಗೊನೆಯ ರಾಶಿ. ನಾನು ಚಿಕ್ಕವನಿದ್ದಾಗ ಕತೆ, ಒಗಟು, ಹಾಡು, ಊರ ಸುದ್ದಿ ಎಲ್ಲ ಅಲ್ಲೇ. ಈಗ ಸುಲಿಯುವ ಮಿಷನ್ನು ಬಂದಿದೆ. ಮಿಷನ್ ಇಲ್ಲದ ಮನೆಗಳಲ್ಲಿ ಎಂಟು ಜನ ಕೂತಿದ್ದರೆ ನಾಲ್ವರ ಕಿವಿಯಲ್ಲಿ ಎಂಟು ಬಡ್. ಹೋದ ವರ್ಷ ನಮ್ಮ ಚಪ್ಪರದಲ್ಲಿ, ಮೂವತ್ತು ವರ್ಷದಿಂದ ಸುಲಿಯಲು ಬರುವ ಅಕ್ಕ ಒಬ್ಬರು ಪಕ್ಕದ ಹುಡುಗನ ಮೊಣಕಾಲು ತಟ್ಟಿದರು.

"ಎಂತ ಕೇಳ್ತೀಯ ಮಾರಾಯ, ಅಷ್ಟೊತ್ತಿಂದ? ನಮಗೂ ಒಂಚೂರು ಹಾಕು."

ಅವನು ಒಂದು ಬಡ್ ಒರೆಸಿ ಕೊಟ್ಟ. ಅವರು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ಕೇಳಿದರು. ಹಾಡು ಚೆನ್ನಾಗಿದೆ ಎಂದರು. ಆಮೇಲೆ ಅದನ್ನು ವಾಪಸು ಕೊಟ್ಟು, ಅಡಿಕೆ ಸುಲಿಯುತ್ತಲೇ, ಅದೇ ಧಾಟಿಗೆ ಹತ್ತಿರದ ಹಳೆಯದೊಂದನ್ನು ಗುನುಗಿದರು. ಎರಡನೆಯ ಸಾಲು ಮರೆತಿತ್ತು. ಆ ತುದಿಯಲ್ಲಿ ಕೂತಿದ್ದವರು ಎತ್ತಿಕೊಟ್ಟರು. ಹುಡುಗ ಇನ್ನೊಂದು ಬಡ್ಡನ್ನೂ ತೆಗೆದು ಜೇಬಿಗೆ ಹಾಕಿಕೊಂಡ. ಹಾಡಿದ್ದು ಹತ್ತು ನಿಮಿಷ ಇರಬಹುದು. ಮತ್ತೆ ಕತ್ತಿಯ ಸದ್ದು, ಸಿಪ್ಪೆ ಬೀಳುವ ಸದ್ದು.

ಈ ದೀಪಾವಳಿಯ ಎರಡನೆಯ ರಾತ್ರಿ ನಾನು ಏನನ್ನೂ ಹಾಕಿಕೊಳ್ಳದೆ ಮಲಗಿದ್ದೆ. ಒಂದು ಗಂಟೆ ದಾಟಿರಬೇಕು. ಮೇಲಿನ ಮನೆಯ ಕಡೆಯಿಂದ ಅಂಟಿಗೆ–ಪಂಟಿಗೆಯವರ ಸೊಲ್ಲು ಕೇಳಿಸಿತು, ಗಾಳಿ ಬಂದಾಗ ಇತ್ತು, ಗಾಳಿ ತಿರುಗಿದಾಗ ಇರಲಿಲ್ಲ. ಅಲ್ಲಿ ನಿಂತಿತು. ಬಹಳ ಹೊತ್ತು ಏನೂ ಇಲ್ಲ. ತೋಟದ ಸಂಕ ದಾಟುತ್ತಿದ್ದಾರೆ ಎಂದು ಗೊತ್ತಾಯಿತು. ನಾಯಿ ಎದ್ದು ಕೂತಿತು. ಒಳಗಿನ ಕೋಣೆಯಲ್ಲಿ ಅತ್ತೆ ಆಗಲೇ ಎದ್ದು, ಕತ್ತಲಲ್ಲೇ ಎಣ್ಣೆಯ ಗಿಂಡಿ ಹುಡುಕುತ್ತಿದ್ದರು.